ಕತ್ತಿನ ಬಲ ಅಳೆಯುವಾಗ ಮೀಟರ್ ತೋರಿಸುವುದು ಏನನ್ನು?

ಕತ್ತು ನೋವೆಂದು ತಿಂಗಳುಗಟ್ಟಲೆ ಅಲೆದವರ ಫೈಲ್ ಬಿಚ್ಚಿ ನೋಡಿ. ಎಕ್ಸ್-ರೇ ಇರುತ್ತದೆ, ಬಹಳ ಸಲ ಎಂಆರ್‌ಐ ಕೂಡ ಇರುತ್ತದೆ. ‘ಸರ್ವೈಕಲ್ ಸ್ಪಾಂಡಿಲೋಸಿಸ್’ ಎಂಬ ಷರಾ ಇರುತ್ತದೆ. ಕೊನೆಯಲ್ಲಿ ‘ಕತ್ತಿನ ಸ್ನಾಯು ವೀಕ್, ವ್ಯಾಯಾಮ ಮಾಡಿ’ ಎಂದು ಒಂದು ಸಾಲು. ಎಷ್ಟು ವೀಕ್? ಮುಂದಕ್ಕೆ ಬಾಗುವಾಗಲೋ, ಹಿಂದಕ್ಕೆ ಒತ್ತುವಾಗಲೋ? ಕೂರಿಸಿ ನೋಡಿದ್ದೋ, ಮಲಗಿಸಿ ನೋಡಿದ್ದೋ? ಇದ್ಯಾವುದನ್ನೂ ಬರೆದಿರುವುದಿಲ್ಲ.

ರೋಗಹೊರೆಯ ಜಾಗತಿಕ ಅಧ್ಯಯನದ ಲೆಕ್ಕದಲ್ಲಿ 2020ರಲ್ಲಿ ಪ್ರಪಂಚದಾದ್ಯಂತ ಸುಮಾರು 20.3 ಕೋಟಿ ಜನರಿಗೆ ಕತ್ತು ನೋವಿತ್ತು. 2050ರ ಹೊತ್ತಿಗೆ ಇದು 26.9 ಕೋಟಿ ಆಗಬಹುದೆಂದು ಅದೇ ಅಧ್ಯಯನದ ಅಂದಾಜು. ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲಿಕ ಎನ್ನುತ್ತಾರೆ. ಅದಕ್ಕೆ ಇಂದು ಕೊಡುವ ಮುಖ್ಯ ಸಲಹೆಗಳಲ್ಲಿ ಕತ್ತಿನ ಬಲ ಹೆಚ್ಚಿಸುವ ವ್ಯಾಯಾಮವೂ ಒಂದು. ಹಾಗಿರುವಾಗ ವ್ಯಾಯಾಮಕ್ಕೆ ಮುಂಚೆ ಬಲ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ನೋಡದಿರುವುದು ವಿಚಿತ್ರ. ಇದರ ಜೊತೆಗೆ ಇನ್ನೊಂದು ತೊಂದರೆ ಈಗ ಹೆಚ್ಚುತ್ತಿದೆ. ಡಿಜಿಟಲ್ ಮೀಟರ್ ತಂದು ಅಳೆದು, ಪರದೆಯ ಮೇಲೆ ಬಂದ ಅಂಕಿಯೇ ಸ್ನಾಯುವಿನ ಬಲ ಎಂದು ನಂಬಿಬಿಡುವುದು. ಅಳೆಯದೆ ಬಿಡುವುದಕ್ಕಿಂತ ಇದು ಹೆಚ್ಚು ದಾರಿ ತಪ್ಪಿಸುತ್ತದೆ, ಯಾಕೆಂದರೆ ಅಂಕಿ ಕಂಡ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ.

ಬರಿಗೈಯಲ್ಲಿ ಒತ್ತಿ 0ರಿಂದ 5ರವರೆಗೆ ಗ್ರೇಡ್ ಕೊಡುವ ಹಳೆಯ ಪದ್ಧತಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಗುರುತ್ವಾಕರ್ಷಣೆಯ ವಿರುದ್ಧ ಚಲಿಸಬಲ್ಲ ಸ್ನಾಯುವಿಗೆ ಅದರಲ್ಲಿ 3. ಪಾರ್ಶ್ವವಾಯು, ನರಕ್ಕೆ ಪೆಟ್ಟು ಇಂಥ ಕಡೆ ಇದು ಒಳ್ಳೆಯ ಸಾಧನ. ಆದರೆ ಕತ್ತು ನೋವಿನವರು ನಾಲ್ಕೂವರೆ-ಐದು ಕೆಜಿ ತೂಗುವ ತಲೆಯನ್ನು ಎತ್ತಿ ಹಿಡಿದುಕೊಂಡೇ ಕ್ಲಿನಿಕ್ಕಿಗೆ ನಡೆದು ಬರುತ್ತಾರೆ. ಹೆಚ್ಚುಕಡಿಮೆ ಎಲ್ಲರಿಗೂ 4 ಅಥವಾ 5 ಬರುತ್ತದೆ. ಆ 4ಕ್ಕೂ 5ಕ್ಕೂ ನಡುವಿನ ವ್ಯತ್ಯಾಸ ರೋಗಿಯ ಕತ್ತಿಗಿಂತ ಪರೀಕ್ಷಿಸುವವರ ತೋಳಿನ ಮೇಲೆ ನಿಂತಿರುತ್ತದೆ.

ಅಳೆಯುವ ಮೊದಲು, ಯಾರನ್ನು ಅಳೆಯಬಾರದು ಎಂಬುದು ಗೊತ್ತಿರಬೇಕು. ಇತ್ತೀಚೆಗೆ ಬಿದ್ದವರು ಅಥವಾ ಅಪಘಾತವಾದವರು, ಎಲುಬು ಸವೆದು ಟೊಳ್ಳಾದವರು, ರುಮಟಾಯ್ಡ್ ಸಂಧಿವಾತದಿಂದ ಕತ್ತಿನ ಮೇಲ್ಭಾಗದ ಕೀಲು ಸಡಿಲವಾಗಿರಬಹುದಾದವರು, ಕತ್ತು ತಿರುಗಿಸಿದರೆ ತಲೆಸುತ್ತು ಬರುವವರು, ಹತೋಟಿಗೆ ಬಾರದ ಬಿಪಿ ಇರುವವರು. ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತಿದ್ದರೆ, ನಡಿಗೆ ತೂರಾಡುತ್ತಿದ್ದರೆ, ಮೂತ್ರದ ಹಿಡಿತ ತಪ್ಪಿದ್ದರೆ ಬೆನ್ನುಹುರಿಗೆ ಒತ್ತಡವಿರಬಹುದು. ಅಂಥವರನ್ನು ಮೀಟರಿನ ಮುಂದೆ ಕೂರಿಸದೆ ನೇರ ಡಾಕ್ಟರ ಬಳಿಗೆ ಕಳಿಸಬೇಕು.

ಇನ್ನು ಬಲದ ಅಳತೆ. ಸಾಮಾನ್ಯವಾಗಿ ಬಳಸುವುದು ಅಂಗೈಯಲ್ಲಿ ಹಿಡಿಯುವ ಡೈನಮೋಮೀಟರ್. ಅದರ ಮೆತ್ತೆಯ ಮೇಲೆ ಎಷ್ಟು ಒತ್ತಡ ಬಿತ್ತೋ ಅಷ್ಟನ್ನು ನ್ಯೂಟನ್‌ನಲ್ಲೋ ಕೆಜಿಯಲ್ಲೋ ತೋರಿಸುತ್ತದೆ (1 ಕೆಜಿ ಎಂದರೆ 9.8 ನ್ಯೂಟನ್). ಸಂಶೋಧನಾಲಯಗಳಲ್ಲಿ ಕುರ್ಚಿಗೆ ಜೋಡಿಸಿದ ಚೌಕಟ್ಟಿನ ಯಂತ್ರಗಳಿವೆ. ಕ್ಲಿನಿಕ್ಕಿಗೆ ಅವು ದುಬಾರಿ, ಜಾಗವೂ ಬೇಕು.

ರೋಗಿಯನ್ನು ಗಟ್ಟಿ ಬೆನ್ನಿನ ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ, ಎದೆಗೆ ಒಂದು ಬೆಲ್ಟ್, ಸೊಂಟಕ್ಕೆ ಒಂದು ಬೆಲ್ಟ್ ಕಟ್ಟಬೇಕು. ಕಟ್ಟದಿದ್ದರೆ ಮುಂದಕ್ಕೆ ಒತ್ತಿ ಎಂದಾಗ ಹೊಟ್ಟೆಯ ಸ್ನಾಯುಗಳು, ಹಿಂದಕ್ಕೆ ಎಂದಾಗ ಇಡೀ ಬೆನ್ನು ಸೇರಿಕೊಂಡು ಕೆಲಸ ಮಾಡುತ್ತವೆ. ಕೈಗಳು ತೊಡೆಯ ಮೇಲಿರಲಿ, ಕುರ್ಚಿಯ ಕೈ ಹಿಡಿಯಬಾರದು. ಪಾದ ನೆಲಕ್ಕೆ ತಾಗಿರಬಹುದು, ಆದರೆ ನೆಲವನ್ನು ಒದ್ದು ಬಲ ತೆಗೆಯಬಾರದು. ಮೆತ್ತೆಯನ್ನು ಮುಂದಿನ ಒತ್ತಡಕ್ಕೆ ಹಣೆಯ ಮೇಲೆ ಹುಬ್ಬಿನಿಂದ ತುಸು ಮೇಲಕ್ಕೆ, ಹಿಂದಿನ ಒತ್ತಡಕ್ಕೆ ತಲೆಯ ಹಿಂಬದಿಯ ಉಬ್ಬಿನ ಮೇಲೆ, ಪಕ್ಕದ ಒತ್ತಡಕ್ಕೆ ಕಿವಿಯ ಮೇಲುಗಡೆ ಇಡಬೇಕು. ಗದ್ದ ಮುಂದಕ್ಕೆ ಚಾಚಿಕೊಂಡರೂ ಕತ್ತಿಗೆ ಅಂಟಿಕೊಂಡರೂ ಕೆಲಸ ಮಾಡುವ ಸ್ನಾಯುಗಳೇ ಬದಲಾಗುವುದರಿಂದ, ಮುಖ ನೇರ ಇರುವಂತೆ ಮೊದಲೇ ಸರಿಪಡಿಸಿ, ನೋಟಕ್ಕೆ ಎದುರಿನ ಗೋಡೆಯ ಮೇಲೊಂದು ಗುರುತು ಕೊಡುವುದು ಒಳ್ಳೆಯದು.

ಅರ್ಧ ಬಲದಲ್ಲಿ ಎರಡು ಸಲ ಒತ್ತಿಸಿ ಕತ್ತನ್ನು ಸಜ್ಜು ಮಾಡಿದ ಮೇಲೆ ಪೂರ್ಣ ಬಲದ ಮೂರು ಪ್ರಯತ್ನ, ನಡುವೆ ಒಂದೊಂದು ನಿಮಿಷ ಬಿಡುವು. ಎರಡು ಮೂರು ಸೆಕೆಂಡಿನಲ್ಲಿ ಬಲ ಏರಿಸಿ, ಮೂರು ಸೆಕೆಂಡು ಹಿಡಿದು, ನಿಧಾನಕ್ಕೆ ಇಳಿಸಬೇಕು. ಹೇಳುವ ಮಾತು ಪ್ರತಿ ಸಲವೂ ಒಂದೇ ಇರಲಿ: ‘ನಿಧಾನಕ್ಕೆ ಒತ್ತಿ, ಒತ್ತಿ, ಇನ್ನೂ ಒತ್ತಿ, ಹಾಗೇ ಹಿಡಿರಿ, ಬಿಡಿ.’ ಧ್ವನಿ ಏರಿಸಿ ಹುರಿದುಂಬಿಸಿದರೆ ಅಂಕಿ ಏರುತ್ತದೆ. ಮೊದಲ ದಿನ ಮೆತ್ತಗೆ ಹೇಳಿ, ಆರು ವಾರದ ನಂತರ ಜೋರಾಗಿ ಕೂಗಿದರೆ ಚಿಕಿತ್ಸೆ ಫಲಿಸಿದ ಹಾಗೆ ಕಾಣಿಸಿಬಿಡುತ್ತದೆ. ಧಡಕ್ಕನೆ ತಲೆ ಕುಟ್ಟಿದರೆ ಬರುವ ತುದಿಯ ಅಂಕಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಮೂರರಲ್ಲಿ ದೊಡ್ಡದಕ್ಕೂ ಚಿಕ್ಕದಕ್ಕೂ ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ನಾಲ್ಕನೆಯದು ಬೇಕು. ಗರಿಷ್ಠ ಅಂಕಿ ಬರೆಯುತ್ತೀರೋ ಸರಾಸರಿಯೋ, ಎರಡೂ ನಡೆಯುತ್ತದೆ, ಆದರೆ ಮುಂದಿನ ಸಲವೂ ಅದನ್ನೇ ಬರೆಯಬೇಕು. ನೋವು ಹೆಚ್ಚಿರುವ ದಿಕ್ಕನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ಉಳಿದ ದಿಕ್ಕುಗಳೂ ಕೆಡುತ್ತವೆ.

ರೋಗಿ ಒತ್ತುವಾಗ ನಾವು ಅಲ್ಲಾಡದೆ ತಡೆದು ನಿಲ್ಲುವುದು ಒಂದು ವಿಧಾನ, ರೋಗಿಯ ಹಿಡಿತ ಮುರಿಯುವವರೆಗೆ ನಾವೇ ತಳ್ಳುವುದು ಇನ್ನೊಂದು. ಎರಡನೆಯದರಲ್ಲಿ ಅಂಕಿ ಹೆಚ್ಚು ಬರುತ್ತದೆ. ಆದರೆ ನೋಯುವ ಕತ್ತಿಗೆ ಅದು ಬೇಡ. ಮೊದಲನೆಯದರಲ್ಲೂ ತೊಡಕಿದೆ. ಗಟ್ಟಿಮುಟ್ಟಾದ ಗಂಡಸು ಹಿಂದಕ್ಕೆ ಒತ್ತಿದರೆ 200 ನ್ಯೂಟನ್, ಅಂದರೆ 20 ಕೆಜಿಗೂ ಹೆಚ್ಚು ಬರಬಹುದು. ಅದನ್ನು ತೋಳು ಚಾಚಿ ತಡೆಯುವುದು ಎಲ್ಲರಿಂದಾಗದು. ಮೊಣಕೈ ಮಡಿಸಿತು, ಮೀಟರ್ ಹಿಂದಕ್ಕೆ ಸರಿಯಿತು ಎಂದರೆ ಅಳತೆಯಾದದ್ದು ಪರೀಕ್ಷಿಸಿದವರ ಬಲ. ಮೀಟರನ್ನು ಬೆಲ್ಟಿನಿಂದ ಗೋಡೆಯ ಕೊಕ್ಕೆಗೋ ಕಬ್ಬಿಣದ ಚೌಕಟ್ಟಿಗೋ ಬಿಗಿದರೆ ಈ ಗೋಳು ತಪ್ಪುತ್ತದೆ. ದುಬಾರಿ ಮೀಟರ್ ಕೊಳ್ಳಲಾಗದವರು ಲಗೇಜ್ ತೂಗುವ ಡಿಜಿಟಲ್ ಸ್ಕೇಲನ್ನು ಗೋಡೆಗೂ ತಲೆಯ ಪಟ್ಟಿಗೂ ನಡುವೆ ಸಿಕ್ಕಿಸಿ ಎಳೆಸುವುದುಂಟು. ಪಟ್ಟಿ ನೆಲಕ್ಕೆ ಸಮಾನಾಂತರವಾಗಿದ್ದು, ಜಾರದಿದ್ದರೆ ಅದೂ ಕೆಲಸಕ್ಕೆ ಬರುತ್ತದೆ. ಯಾವುದೇ ಸಾಧನವಿರಲಿ, ಜಿಮ್ಮಿನ 5, 10, 15 ಕೆಜಿ ಪ್ಲೇಟುಗಳನ್ನು ತೂಗಿಹಾಕಿಯೋ ಮೇಲಿಟ್ಟೋ ಆಗಾಗ ತಾಳೆ ನೋಡಬೇಕು. 5 ಕೆಜಿಗೆ 49 ನ್ಯೂಟನ್ ತೋರಿಸದ ಮೀಟರಿನಿಂದ ಏನೂ ಅಳೆಯಲಾಗದು.

ಎಲ್ಲರೂ ಕಡೆಗಣಿಸುವ ವಿಷಯ ಮೆತ್ತೆಯ ಜಾಗ. ಕತ್ತು ಬುಡದಲ್ಲಿ ತಿರುಗುವ ಸನ್ನೆಗೋಲು. ಮೀಟರ್ ತೋರಿಸುವುದು ಮೆತ್ತೆಯ ಮೇಲೆ ಬಿದ್ದ ಒತ್ತಡವನ್ನು, ಸ್ನಾಯು ಉಂಟುಮಾಡಿದ ತಿರುಚುಬಲವನ್ನಲ್ಲ (ಒತ್ತಡವನ್ನು ಬುಡದಿಂದಿರುವ ದೂರದಿಂದ ಗುಣಿಸಿದರೆ ತಿರುಚುಬಲ). ಕತ್ತಿನ ಬುಡದ ಏಳನೆಯ ಕಶೇರುವಿನಿಂದ (ಬೆನ್ನೆಲುಬಿನ ಮಣಿಯಿಂದ) ಮೆತ್ತೆ 18 ಸೆಂ.ಮೀ. ಮೇಲಿದ್ದು, 80 ನ್ಯೂಟನ್ ಬಂತು ಎನ್ನಿ. ತಿರುಚುಬಲ 80 × 0.18 = 14.4 ನ್ಯೂಟನ್-ಮೀಟರ್. ಮುಂದಿನ ಸಲ ಮೆತ್ತೆ 2 ಸೆಂ.ಮೀ. ಕೆಳಗೆ ಕೂತರೆ, ಅದೇ ಸ್ನಾಯು, ಅದೇ ಬಲ, ಆದರೆ ಮೀಟರಿನಲ್ಲಿ 14.4 ÷ 0.16 = 90 ನ್ಯೂಟನ್. ಒಂದು ದಿನದ ವ್ಯಾಯಾಮವೂ ಇಲ್ಲದೆ ಶೇ. 12.5ರಷ್ಟು ‘ಸುಧಾರಣೆ’. ಮೆತ್ತೆಯ ಎತ್ತರವನ್ನು ಟೇಪಿನಲ್ಲಿ ಅಳೆದು ಬರೆದುಕೊಳ್ಳಲು ಹತ್ತು ಸೆಕೆಂಡು ಸಾಕು. ಮಲಗಿಸಿ ಅಳೆಯುವಾಗ ಇನ್ನೊಂದು ಲೆಕ್ಕ ಸೇರುತ್ತದೆ. ಅಂಗಾತ ಮಲಗಿ ತಲೆ ಎತ್ತುವವರ ಸ್ನಾಯು ಮೊದಲು ತಲೆಯ ಭಾರವನ್ನು ಹೊರಬೇಕು, ಮಿಕ್ಕದ್ದು ಮಾತ್ರ ಮೀಟರಿಗೆ. ಹಾಗಾಗಿ ಮಲಗಿಸಿ ತೆಗೆದ ಅಂಕಿಯನ್ನು ಕೂರಿಸಿ ತೆಗೆದದ್ದರ ಪಕ್ಕದಲ್ಲಿಟ್ಟು ಹೋಲಿಸುವುದಕ್ಕೆ ಅರ್ಥವೇ ಇಲ್ಲ.

ಹಿಂದಕ್ಕೆ ಒತ್ತುವ ಬಲ ಸಹಜವಾಗಿಯೇ ಮುಂದಕ್ಕೆ ಒತ್ತುವುದಕ್ಕಿಂತ ಹೆಚ್ಚು. ಉಲ್ಟಾ ಬಂದರೆ ರೋಗಿಯನ್ನು ಅನುಮಾನಿಸುವ ಮೊದಲು ಬೆಲ್ಟನ್ನೂ ಮೆತ್ತೆಯನ್ನೂ ನೋಡಿ.

ಇಷ್ಟೆಲ್ಲ ಜಾಗ್ರತೆಯಿಂದ ಅಳೆದ ಮೇಲೂ ಬಂದ ಅಂಕಿ ಸ್ನಾಯುವಿನ ಬಲವೇ? ನೋವಿಲ್ಲದವರಲ್ಲಿ ಬಹುಮಟ್ಟಿಗೆ ಹೌದು. ದೀರ್ಘಕಾಲದ ನೋವಿರುವವರಲ್ಲಿ ಅದು, ಆ ಹೊತ್ತಿಗೆ ಅವರಿಂದ ಅಷ್ಟು ಒತ್ತಲಾಯಿತು ಎಂಬುದಷ್ಟನ್ನೇ ಹೇಳುತ್ತದೆ. ನೋವು ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಗ್ಗಿಸುತ್ತದೆ. ‘ಒತ್ತಿದರೆ ನರ ಸಿಕ್ಕಿಹಾಕಿಕೊಳ್ಳುತ್ತದೇನೋ’ ಎಂಬ ಭಯವೂ ಹಿಂದಕ್ಕೆ ಎಳೆಯುತ್ತದೆ. ಹೀಗಾಗಿ ಪ್ರತಿ ದಿಕ್ಕಿಗೂ ಮೂರು ವಿಷಯ ಬರೆಯಬೇಕು: ಅಂಕಿ, ಒತ್ತುವಾಗ 0ರಿಂದ 10ರಲ್ಲಿ ನೋವೆಷ್ಟು, ಮತ್ತು ನಿಲ್ಲಿಸಿದ್ದೇಕೆ. ಮೂರನೆಯದನ್ನು ಬಾಯಿಬಿಟ್ಟು ಕೇಳಬೇಕು. ‘ನೋವಾಯಿತು’, ‘ಹೆದರಿಕೆಯಾಯಿತು’, ‘ಇನ್ನು ಆಗಲಿಲ್ಲ’ ಎಂಬ ಮೂರು ಉತ್ತರಗಳಿಗೆ ಮೂರು ಬೇರೆ ಚಿಕಿತ್ಸೆ. 60 ನ್ಯೂಟನ್, ನೋವು 7 ಎಂದಿದ್ದವರು ಮೂರು ವಾರದಲ್ಲಿ 95 ನ್ಯೂಟನ್, ನೋವು 2ಕ್ಕೆ ಬಂದರೆ ಸ್ನಾಯು ಬೆಳೆಯಿತು ಎನ್ನಬೇಡಿ. ಮೂರು ವಾರದಲ್ಲಿ ಅಷ್ಟು ಸ್ನಾಯು ಬೆಳೆಯುವುದಿಲ್ಲ, ತಡೆ ಸಡಿಲವಾಗಿದೆ. ಅದೂ ಒಳ್ಳೆಯ ಸುದ್ದಿಯೇ. ಮೂರು ಪ್ರಯತ್ನಗಳ ಅಂಕಿ ಚೆಲ್ಲಾಪಿಲ್ಲಿಯಾಗಿ ಬಂದರೆ ಕೆಲವರು ‘ನಾಟಕ’ ಎಂದು ಬರೆದುಬಿಡುತ್ತಾರೆ. ವಿಮೆ, ಪರಿಹಾರದ ಪ್ರಕರಣಗಳಲ್ಲಿ ಈ ಚಾಳಿ ಹೆಚ್ಚು. ಅಂಕಿಗಳ ಏರುಪೇರು ನೋವನ್ನೂ ಭಯವನ್ನೂ ನಟನೆಯನ್ನೂ ಬೇರೆ ಮಾಡಿ ತೋರಿಸುವುದಿಲ್ಲ.

ಎಷ್ಟು ಹೆಚ್ಚಾದರೆ ನಿಜವಾಗಿ ಹೆಚ್ಚಾಯಿತು ಎನ್ನಬಹುದು? ಒಬ್ಬರನ್ನೇ ಎರಡು ಸಲ ಅಳೆದರೆ ಎಷ್ಟು ಹೊಂದುತ್ತದೆ ಎಂಬುದನ್ನು ಐಸಿಸಿ ಎಂಬ 0ರಿಂದ 1ರ ಅಂಕಿಯಲ್ಲಿ ಹೇಳುತ್ತಾರೆ. ಸಂಶೋಧನಾ ಪ್ರಬಂಧಗಳು 0.90 ಬಂತು ಎಂದು ಹೆಮ್ಮೆಯಿಂದ ನಿಲ್ಲಿಸುತ್ತವೆ, ಕ್ಲಿನಿಕ್ಕಿಗೆ ಬೇಕಾದ ಲೆಕ್ಕ ಅದರ ಮುಂದಿನದು. ಗುಂಪಿನ ಪ್ರಮಾಣಿತ ವಿಚಲನೆ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ) 25 ನ್ಯೂಟನ್, ಐಸಿಸಿ 0.90 ಎಂದಿಟ್ಟುಕೊಳ್ಳಿ. ಅಳತೆಯ ದೋಷ 25 × √(1 − 0.90), ಅಂದರೆ 7.9. ಅದನ್ನು ಶೇ. 95ರ ಭರವಸೆಗಾಗಿ 1.96ರಿಂದಲೂ, ಅಳತೆ ಎರಡು ಸಲ ಆಗುವುದರಿಂದ √2ರಿಂದಲೂ ಗುಣಿಸಿದರೆ ಸುಮಾರು 22 ನ್ಯೂಟನ್. 80 ಇದ್ದವರು 102 ದಾಟುವವರೆಗೆ ಆ ವ್ಯತ್ಯಾಸ ಅಳತೆಯ ಅಲುಗಾಟವೇ ಆಗಿರಬಹುದು. ಐಸಿಸಿ 0.75ಕ್ಕೆ ಇಳಿದರೆ ಈ ಗಡಿ 35 ನ್ಯೂಟನ್‌ಗೆ ಏರುತ್ತದೆ. ‘ಅತ್ಯುತ್ತಮ ವಿಶ್ವಾಸಾರ್ಹತೆ’ ಎಂದು ಹೊಗಳಿಸಿಕೊಂಡ ಪರೀಕ್ಷೆಯೂ ಒಬ್ಬ ರೋಗಿಯ ವಿಷಯದಲ್ಲಿ ಶೇ. 27ರಷ್ಟು ಬದಲಾವಣೆಯನ್ನು ಗುರುತಿಸಲಾರದು ಎಂದರೆ, ವಾರವಾರವೂ ಅಳೆದು ಗ್ರಾಫ್ ಬರೆಯುವುದು ಕಾಲಹರಣ. ಆರರಿಂದ ಎಂಟು ವಾರಕ್ಕೊಮ್ಮೆ, ಅದೇ ವ್ಯಕ್ತಿ, ಅದೇ ಕುರ್ಚಿ, ದಿನದ ಅದೇ ಹೊತ್ತಿನಲ್ಲಿ ಅಳೆದರೆ ಸಾಕು.

ಗರಿಷ್ಠ ಬಲವೊಂದೇ ಕತ್ತಿನ ಕಥೆಯಲ್ಲ. ಕತ್ತಿನ ಮುಂಭಾಗದಲ್ಲಿ ಕಣ್ಣಿಗೆ ಕಾಣುವ, ಹಗ್ಗದಂತೆ ಎದ್ದು ನಿಲ್ಲುವ ಸ್ಟರ್ನೋಕ್ಲೈಡೋಮಾಸ್ಟಾಯ್ಡ್, ಚಿಕ್ಕದಾಗಿ ಎಸ್‌ಸಿಎಂ ಸ್ನಾಯುಗಳಿವೆ. ಅವುಗಳ ಹಿಂದೆ, ಮೂಳೆಗೆ ಅಂಟಿಕೊಂಡಂತೆ ಲಾಂಗಸ್ ಕೊಲೈ, ಲಾಂಗಸ್ ಕ್ಯಾಪಿಟಿಸ್ ಎಂಬ ಆಳದ ಸ್ನಾಯುಗಳಿವೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಗ್ವೆಂಡೊಲೆನ್ ಜುಲ್, ಡೆಬೊರಾ ಫಾಲಾ ಮತ್ತಿತರರು, ಮೂಗಿನ ಮೂಲಕ ಗಂಟಲಿನ ಹಿಂಗೋಡೆಗೆ ಇಳಿಸಿದ ಎಲೆಕ್ಟ್ರೋಡಿನಿಂದ ಆಳದ ಸ್ನಾಯುಗಳ ವಿದ್ಯುತ್ ಚಟುವಟಿಕೆ ದಾಖಲಿಸಿ, ನೋವಿರುವವರಲ್ಲಿ ಅದು ಕಡಿಮೆಯಿರುವುದನ್ನು 2004ರಲ್ಲಿ ತೋರಿಸಿದರು. ಡೈನಮೋಮೀಟರಿಗೆ ಈ ಹಂಚಿಕೆ ಕಾಣುವುದಿಲ್ಲ. ಎಸ್‌ಸಿಎಂ ಒಂದೇ ದುಡಿದು 90 ತೋರಿಸಿದರೂ ಅದರ ಪಾಲಿಗೆ ಅದು 90.

ಜುಲ್ ರೂಪಿಸಿದ ಪರೀಕ್ಷೆಗೆ ಬೇಕಾದದ್ದು ಗಾಳಿಚೀಲ ಮತ್ತು ಒತ್ತಡದ ಡಯಲ್ ಇರುವ ಪ್ರೆಷರ್ ಬಯೋಫೀಡ್‌ಬ್ಯಾಕ್ ಸಾಧನ. ರೋಗಿ ಮೊಣಕಾಲು ಮಡಿಸಿ ಅಂಗಾತ ಮಲಗಬೇಕು. ಹಣೆ ಮತ್ತು ಗದ್ದ ಒಂದೇ ಮಟ್ಟದಲ್ಲಿರಲಿ. ಗದ್ದ ಮೇಲೆದ್ದರೆ ತಲೆಯ ಕೆಳಗೆ ಮಡಿಸಿದ ಟವೆಲ್ ಇಡಿ, ಆದರೆ ಟವೆಲ್ ಕತ್ತಿನವರೆಗೆ ಬರಬಾರದು. ಚೀಲವನ್ನು ಕತ್ತಿನ ಹಿಂದೆ, ತಲೆಬುರುಡೆಯ ಅಂಚಿಗೆ ತಾಗಿಸಿ ಇಟ್ಟು, 20 ಮಿ.ಮೀ. ಪಾದರಸದವರೆಗೆ ಗಾಳಿ ತುಂಬಿ. ನಾಲಿಗೆ ಅಂಗುಳಕ್ಕೆ, ತುಟಿ ಮುಚ್ಚಿ, ಹಲ್ಲುಗಳ ನಡುವೆ ತುಸು ಸಂದು. ನಂತರ ಗದ್ದವನ್ನು ನಿಧಾನಕ್ಕೆ ಕತ್ತಿನ ಕಡೆಗೆ ಇಳಿಸುತ್ತ ಮುಳ್ಳನ್ನು 22, 24, 26, 28, 30ಕ್ಕೆ ಒಂದೊಂದೇ ಮೆಟ್ಟಿಲಾಗಿ ತರಬೇಕು. ‘ಹೌದು ಎನ್ನುವಂತೆ ತಲೆಯಾಡಿಸಿ’ ಎಂಬ ಪಠ್ಯಪುಸ್ತಕದ ಸೂಚನೆಯನ್ನು ನಮ್ಮ ಕಡೆ ಹಾಗೇ ಹೇಳಿದರೆ ಎಷ್ಟೋ ಜನ ತಲೆಯನ್ನು ಪಕ್ಕಕ್ಕೆ ತೂಗಾಡಿಸುತ್ತಾರೆ. ‘ಗದ್ದ ಇಳಿಸಿ, ತಲೆ ಎತ್ತಬೇಡಿ’ ಎನ್ನುವುದೇ ವಾಸಿ.

ಯಾವ ಮೆಟ್ಟಿಲಿನವರೆಗೆ ಚಲನೆ ಶುದ್ಧವಾಗಿತ್ತೋ ಅಲ್ಲಿ 10 ಸೆಕೆಂಡಿನಂತೆ ಹತ್ತು ಸಲ ಹಿಡಿಸುವುದು ಎರಡನೆಯ ಹಂತ. ನೋವಿಲ್ಲದವರು ಸಾಮಾನ್ಯವಾಗಿ 26 ಅಥವಾ ಅದರ ಮೇಲೆ ಮುಟ್ಟುತ್ತಾರೆ. ನೋವಿರುವವರಲ್ಲಿ ಹಲವರು 22-24ರಲ್ಲೇ ನಿಲ್ಲುತ್ತಾರೆ. ಆದರೆ ಡಯಲನ್ನೇ ನೋಡುತ್ತ ಕೂತರೆ ಮೋಸ ಹೋಗುತ್ತೀರಿ. ತಲೆಯನ್ನು ಸುಮ್ಮನೆ ಹಾಸಿಗೆಗೆ ಒತ್ತಿದರೂ ಮುಳ್ಳು 30 ಮುಟ್ಟುತ್ತದೆ. ಪ್ರತಿ ಮೆಟ್ಟಿಲಿಗೂ ಗದ್ದ ಇಳಿಯುವ ಪ್ರಮಾಣ ಸ್ವಲ್ಪ ಸ್ವಲ್ಪ ಹೆಚ್ಚಬೇಕು. ಹೆಚ್ಚದೆ ಒತ್ತಡ ಮಾತ್ರ ಏರಿದರೆ ಆ ಮೆಟ್ಟಿಲು ಲೆಕ್ಕಕ್ಕಿಲ್ಲ. ಬೆರಳನ್ನು ಎಸ್‌ಸಿಎಂ ಮೇಲಿಟ್ಟಿರಿ. ಅದು ಬಿಗಿದರೆ, ಉಸಿರು ಕಟ್ಟಿದರೆ, ದವಡೆ ಕಚ್ಚಿದರೆ, ಬಿಟ್ಟ ಮೇಲೆ ಮುಳ್ಳು 20ಕ್ಕೆ ಮರಳದಿದ್ದರೆ ಹಿಂದಿನ ಮೆಟ್ಟಿಲೇ ಅವರ ಮಟ್ಟ. ಬಿಪಿ ಮಾಪಕದ ಪಟ್ಟಿಯನ್ನು ಮಡಿಸಿ ಇದೇ ಪರೀಕ್ಷೆ ಮಾಡುವವರಿದ್ದಾರೆ. ಮಾಡಬಹುದು, ಆದರೆ ಮೊದಲು 20ಕ್ಕೆ ಗಾಳಿ ತುಂಬಿ ಮೇಲೊಂದು ದಪ್ಪ ಪುಸ್ತಕ ಇಟ್ಟು ಐದು ನಿಮಿಷ ಬಿಡಿ. ಮುಳ್ಳು ಇಳಿದರೆ ರಬ್ಬರ್ ಸೋರುತ್ತಿದೆ.

ಉಪಕರಣವೇ ಬೇಡದ ಪರೀಕ್ಷೆ ತಲೆ ಎತ್ತಿ ಹಿಡಿಯುವುದು. ಅಂಗಾತ ಮಲಗಿ, ಗದ್ದ ಒಳಗೆಳೆದು, ತಲೆಯನ್ನು 2.5 ಸೆಂ.ಮೀ.ನಷ್ಟೇ ಎತ್ತಬೇಕು. ಕತ್ತಿನ ಚರ್ಮದ ಮಡಿಕೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು, ತಲೆಯ ಕೆಳಗೆ ಕೈ ಇಟ್ಟುಕೊಳ್ಳಬೇಕು. ಗೆರೆಯ ಅಂಚುಗಳು ಬೇರ್ಪಟ್ಟರೆ ಅಥವಾ ತಲೆ ಕೈಗೆ ಒಂದು ಸೆಕೆಂಡಿಗಿಂತ ಹೆಚ್ಚು ತಾಗಿದರೆ ಗಡಿಯಾರ ನಿಲ್ಲಿಸಿ. 2005ರಲ್ಲಿ ಪ್ರಕಟವಾದ ಹ್ಯಾರಿಸ್ ಮತ್ತು ಸಂಗಡಿಗರ ಅಧ್ಯಯನದಲ್ಲಿ ನೋವಿಲ್ಲದವರ ಸರಾಸರಿ ಸುಮಾರು 39 ಸೆಕೆಂಡು, ನೋವಿರುವವರದು 24. ಈ ಎರಡು ಅಂಕಿ ಎಲ್ಲೆಡೆ ಓಡಾಡುತ್ತವೆ, ಜೊತೆಗಿದ್ದ ವಿಚಲನೆಯನ್ನು ಯಾರೂ ಹೇಳುವುದಿಲ್ಲ: ಮೊದಲ ಗುಂಪಿನಲ್ಲಿ 26.4, ಎರಡನೆಯದರಲ್ಲಿ 12.8. ಅಂದರೆ ನೋವೇ ಇಲ್ಲದೆ 13 ಸೆಕೆಂಡಿಗೆ ಕೈಚೆಲ್ಲಿದವರೂ, ನೋವಿಟ್ಟುಕೊಂಡು 36 ಸೆಕೆಂಡು ಹಿಡಿದವರೂ ಅಪರೂಪವಲ್ಲ. ‘ನಿಮಗೆ 20 ಸೆಕೆಂಡು ಬಂತು, ಅದಕ್ಕೇ ನೋವು’ ಎನ್ನಲು ಇದರಲ್ಲಿ ಆಧಾರವಿಲ್ಲ. ಇಬ್ಬರು ಪರೀಕ್ಷಕರ ನಡುವಿನ ಹೊಂದಾಣಿಕೆಯೂ (ಐಸಿಸಿ) ನೋವಿರುವವರಲ್ಲಿ 0.67 ಮಾತ್ರ.

ಹಿಂಭಾಗದ ಸ್ನಾಯುಗಳಿಗೂ ಬೋರಲು ಮಲಗಿಸಿ, ತಲೆಯನ್ನು ಮಂಚದ ಅಂಚಿನಾಚೆ ಹಿಡಿಸುವ ಇಂಥದೇ ಪರೀಕ್ಷೆಯಿದೆ. ಅದರ ಎಚ್ಚರಗಳೂ ಇವೇ.

ಅಳತೆ ಚಿಕಿತ್ಸೆಗೆ ಹೇಗೆ ಸೇರುತ್ತದೆ ಎಂಬುದಕ್ಕೆ ಫಿನ್‌ಲ್ಯಾಂಡಿನ ಯಾರಿ ಯುಲಿನೆನ್ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಈಗಲೂ ನೋಡಬೇಕು. ಕಚೇರಿ ಕೆಲಸದ, ದೀರ್ಘಕಾಲದ ಕತ್ತು ನೋವಿನ 180 ಮಹಿಳೆಯರು, ಮೂರು ಗುಂಪು, ಒಂದು ವರ್ಷ. ಒಂದು ಗುಂಪು ರಬ್ಬರ್ ಪಟ್ಟಿಯ ವಿರುದ್ಧ, ತಮ್ಮ ಗರಿಷ್ಠ ಬಲದ ಶೇ. 80ರಷ್ಟು ಹೊರೆಯಲ್ಲಿ ಕತ್ತಿನ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ಮಲಗಿ ತಲೆ ಎತ್ತುವಂಥ ಹಗುರ ವ್ಯಾಯಾಮ ಮಾಡಿತು. ವರ್ಷದ ಕೊನೆಗೆ ಮುಂದಕ್ಕೆ ಒತ್ತುವ ಬಲ ಮೊದಲ ಗುಂಪಿನಲ್ಲಿ ಶೇ. 110, ಎರಡನೆಯದರಲ್ಲಿ ಶೇ. 28, ಹೋಲಿಕೆಯ ಗುಂಪಿನಲ್ಲಿ ಶೇ. 10 ಏರಿತ್ತು. ನೋವು ಪೂರ್ತಿ ಹೋಯಿತು ಅಥವಾ ಬಹಳ ಕಡಿಮೆಯಾಯಿತು ಎಂದವರು ಕ್ರಮವಾಗಿ ಶೇ. 73, ಶೇ. 59, ಶೇ. 21.

ಬಲದ ಏರಿಕೆಯಲ್ಲಿ ಮೊದಲೆರಡು ಗುಂಪುಗಳ ನಡುವೆ ಸುಮಾರು ನಾಲ್ಕು ಪಟ್ಟು ಅಂತರ, ನೋವಿನ ಇಳಿಕೆಯಲ್ಲಿ ಅಷ್ಟಿಲ್ಲ. ಬಲ ಹೆಚ್ಚಿದಷ್ಟೂ ಅದೇ ಅಳತೆಯಲ್ಲಿ ನೋವು ಇಳಿಯುತ್ತದೆ ಎಂಬ ಲೆಕ್ಕ ಇಲ್ಲಿ ಕೂಡುವುದಿಲ್ಲ. ಹೀಗಾಗಿ ಮೀಟರಿನ ಅಂಕಿಯನ್ನು ಗುಣವಾದುದಕ್ಕೆ ಪುರಾವೆಯಾಗಿ ಬಳಸಬಾರದು. ದಿನನಿತ್ಯದ ಕೆಲಸಕ್ಕೆ ಎಷ್ಟು ತೊಡಕಾಗುತ್ತಿದೆ ಎಂದು ಕೇಳುವ, 50 ಅಂಕಗಳ ನೆಕ್ ಡಿಸೆಬಿಲಿಟಿ ಇಂಡೆಕ್ಸ್ 1991ರಿಂದ ಬಳಕೆಯಲ್ಲಿದೆ, ಆ ಕೆಲಸಕ್ಕೆ ಅದೇ ಸರಿ. ಈ ಪ್ರಯೋಗದ ಮಹಿಳೆಯರ ಮಾನದಂಡವನ್ನು ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ ಹಮಾಲರಿಗೆ ಹೊಂದಿಸುವುದೂ ತರವಲ್ಲ.

ಅಂಕಿ ನಿಜವಾಗಿ ಬೇಕಾಗುವುದು ಹೊರೆ ನಿಗದಿಗೆ. ಇಂದು ನೋವು 3ರೊಳಗೆ ಇದ್ದು 80 ನ್ಯೂಟನ್ ಒತ್ತಬಲ್ಲವರಿಗೆ ಶೇ. 80 ಎಂದರೆ 64 ನ್ಯೂಟನ್, ಅಂದರೆ ಆರೂವರೆ ಕೆಜಿ. ರಬ್ಬರ್ ಪಟ್ಟಿಯನ್ನು ಅದೇ ಲಗೇಜ್ ಸ್ಕೇಲಿಗೆ ಸಿಕ್ಕಿಸಿ, ಆರೂವರೆ ತೋರಿಸುವವರೆಗೆ ಎಳೆದು, ಅಷ್ಟು ಉದ್ದಕ್ಕೆ ನೆಲದ ಮೇಲೆ ಟೇಪ್ ಅಂಟಿಸಿಕೊಟ್ಟರೆ ಮನೆಯಲ್ಲಿ ಊಹೆಯ ಮೇಲೆ ಎಳೆಯುವುದು ತಪ್ಪುತ್ತದೆ. ಒತ್ತುವಾಗ ನೋವು 7 ಎನ್ನುವವರಿಗೆ ಈ ಲೆಕ್ಕ ಬೇಡ. ಅವರಿಗೆ ಗಾಳಿಚೀಲದ 22ರ ಮೆಟ್ಟಿಲಿನಿಂದ ಆರಂಭಿಸಿ, ಆರು ವಾರದ ನಂತರ ಮತ್ತೆ ಕುರ್ಚಿಯಲ್ಲಿ ಕೂರಿಸಿ ಅಳೆಯುವುದು ಕ್ರಮ.